ಕೋಳಿಗೆ ಸೋಲಾರ್ ಬಲೆ ಬೇಲಿ: ಮೂರು ಮಳೆಗಾಲ ಕಳೆದ ಮೇಲೆ

ನಮ್ಮ ಮನೆ ಕುಮಟಾದಿಂದ ಶಿರಸಿಗೆ ಹೋಗುವ ದಾರಿಯಲ್ಲಿ, ದೇವಿಮನೆ ಘಟ್ಟ ಹತ್ತುವ ಮೊದಲು ಸಿಗುತ್ತದೆ. ಮುಂದೆ ಗದ್ದೆ, ಪಕ್ಕದಲ್ಲಿ ಅಡಿಕೆ ತೋಟ, ಹಿತ್ತಿಲು ದಾಟಿದರೆ ಬೆಟ್ಟ. ಕೋಳಿಗಳಿಗೆ ಹೇಳಿ ಮಾಡಿಸಿದ ಜಾಗ. ದರಕು, ಅಂದರೆ ಉದುರಿದ ಒಣ ಎಲೆ, ಕೆದಕಿದರೆ ಗೆದ್ದಲು ಸಿಗುತ್ತದೆ, ತೋಟದ ಕಾಲುವೆಯ ಅಂಚಿನಲ್ಲಿ ಹುಳ ಸಿಗುತ್ತದೆ. ಆದರೆ ಕೋಳಿ ತಿನ್ನುವ ಪ್ರಾಣಿಗಳಿಗೂ ಅದೇ ಜಾಗ ಅಷ್ಟೇ ಹಿತ. 2023ರ ಜನವರಿಯಿಂದ ಏಪ್ರಿಲ್‌ವರೆಗೆ ಹದಿನೇಳು ಕೋಳಿಗಳನ್ನು ಕಳೆದುಕೊಂಡೆವು. ಪಿಳ್ಳೆಗಳನ್ನು ಲೆಕ್ಕಕ್ಕೆ ಹಿಡಿದಿಲ್ಲ. ಕೊನೆಯಲ್ಲಿ ಹೋದದ್ದು ಮೂರು ಸಲ ಕಾವು ಕೂತು ಮರಿ ಎಬ್ಬಿಸಿದ್ದ ಕರಿ ಹೇಂಟೆ. ಮಧ್ಯಾಹ್ನ ಎರಡು ಗಂಟೆಯ ಬಿಸಿಲಲ್ಲಿ, ನಾವೆಲ್ಲ ಮನೆಯಲ್ಲಿದ್ದಾಗಲೇ, ಬಾಳೆಬುಡದಿಂದ ಅದನ್ನು ಮುಂಗುಸಿ ಎಳೆದುಕೊಂಡು ಹೋಯಿತು. ಒಂಬತ್ತು ಪಿಳ್ಳೆಗಳು ಬಾಳೆಯ ಸುತ್ತ ಕೂಗುತ್ತಾ ಓಡಾಡುತ್ತಿದ್ದವು. ಅವತ್ತು ಸಂಜೆಯೇ ಬಲೆಗೆ ಹಣ ಕಟ್ಟಿದೆ.

ಬಂದದ್ದು ಇಷ್ಟು: ಐವತ್ತು ಮೀಟರ್ ಉದ್ದ, ಸುಮಾರು ನಾಲ್ಕು ಅಡಿ ಎತ್ತರದ ಬಲೆ, ಅದಕ್ಕೇ ಜೋಡಿಸಿದ ಪ್ಲಾಸ್ಟಿಕ್ ಗೂಟಗಳು, ಶಾಕ್ ಕೊಡುವ ಮಷಿನ್, ಸಣ್ಣ ಸೋಲಾರ್ ಫಲಕ, 12 ವೋಲ್ಟಿನ ಬ್ಯಾಟರಿ, ಒಂದು ಅರ್ಥಿಂಗ್ ಸರಳು. ವೋಲ್ಟ್ ನೋಡುವ ಟೆಸ್ಟರ್ ಸೇರಿ ನನಗೆ 21,400 ರೂಪಾಯಿ ಬಿತ್ತು. ಬಲೆಯ ಅಡ್ಡ ದಾರಗಳಲ್ಲಿ ಕೂದಲೆಳೆಯಂಥ ತಂತಿ ಹೆಣೆದಿದೆ, ನೆಲಕ್ಕೆ ತಾಗುವ ಕೆಳಗಿನ ದಾರದಲ್ಲಿ ಮಾತ್ರ ಇಲ್ಲ. ಮಷಿನ್ ಸೆಕೆಂಡಿಗೊಮ್ಮೆ ಟಕ್ ಎಂದು ಒಂದು ಹೊಡೆತ ಕಳಿಸುತ್ತದೆ. ವೋಲ್ಟ್ ಸಾವಿರಗಳಲ್ಲಿದ್ದರೂ ಆ ಹೊಡೆತ ಸೆಕೆಂಡಿನ ಸಾವಿರದ ಒಂದು ಪಾಲಿನಷ್ಟು ಹೊತ್ತೂ ನಿಲ್ಲದ ಕಾರಣ ಕೈಗೆ ಚುರುಕ್ಕೆನ್ನುತ್ತದೆ, ಸಾಮಾನ್ಯವಾಗಿ ಮನುಷ್ಯರ ಜೀವಕ್ಕೆ ಅಪಾಯವಿಲ್ಲ.

ಇಲ್ಲೇ ಒಂದು ಮಾತು ಹೇಳಿಬಿಡುತ್ತೇನೆ. ಮಷಿನ್‌ಗೆ ಹಣವೇಕೆ, ಮನೆಯ ಲೈನಿನಿಂದಲೇ ತಂತಿಗೆ ಕರೆಂಟ್ ಕೊಟ್ಟರಾಯಿತು ಎಂದು ಸಲಹೆ ಕೊಡುವವರು ಎಲ್ಲ ಊರಿನಲ್ಲೂ ಇದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಮನೆಯ ಕರೆಂಟು ನಿಲ್ಲದೆ ಹರಿಯುತ್ತದೆ, ಹಿಡಿದ ಕೈಯನ್ನು ಬಿಡುವುದಿಲ್ಲ. ಹುಲ್ಲಿಗೆ ಬಂದ ಹೆಂಗಸು, ಚೆಂಡು ಹುಡುಕಿ ಬಂದ ಮಗು, ಯಾರು ಬೇಕಾದರೂ ಸಾಯಬಹುದು. ಅದು ಕಾನೂನಿನ ಪ್ರಕಾರವೂ ಅಪರಾಧ.

ಬಲೆ ಹಾಕಿದ ಮೂರನೆಯ ದಿನ ಬಾವಿಕಟ್ಟೆಯಲ್ಲಿ ಪಾತ್ರೆ ತೊಳೆಯುತ್ತಿದ್ದೆ. ಹುಂಜ ಕೊಕ್ ಕೊಕ್ ಕೊಕ್ಕೋ ಎಂದು ಒಂದೇ ಸಮನೆ ಕೂಗತೊಡಗಿತು. ಅದು ನೆಲದ ಮೇಲಿನ ಶತ್ರುವನ್ನು ಕಂಡಾಗಿನ ಕೂಗು. ಗಿಡುಗ ಬಂದರೆ ಅದರ ದನಿಯೇ ಬೇರೆ, ಉದ್ದಕ್ಕೆ ಎಳೆದ ಒಂದೇ ಸಿಳ್ಳಿನಂತೆ ಇರುತ್ತದೆ, ಕೇಳಿದ ಕೂಡಲೇ ಹೇಂಟೆಗಳು ಪೊದೆಯೊಳಗೆ ಅಡಗುತ್ತವೆ. ತಲೆ ಎತ್ತಿ ನೋಡಿದರೆ ಬಲೆಯ ಆಚೆ ಮುಂಗುಸಿ. ಹಿಂಗಾಲಿನ ಮೇಲೆ ನಿಂತು ಒಳಗೆ ನೋಡಿತು, ಇಳಿಯಿತು, ಮೂತಿಯನ್ನು ಬಲೆಯ ಕಣ್ಣಿಗೆ ಒತ್ತಿತು. ಒದ್ದೆ ಮೂಗು ತಂತಿಗೆ ತಾಗಿದ ಕ್ಷಣ ಅದು ನಿಂತಲ್ಲೇ ಒಂದಡಿ ಮೇಲಕ್ಕೆ ಹಾರಿ, ತಿರುಗಿ, ನಾಲ್ಕು ಮಾರು ದೂರ ಹೋಗಿ ಕೂತುಕೊಂಡಿತು. ಮುಂಗಾಲಿನಿಂದ ಮೂತಿಯನ್ನು ಎರಡು ಮೂರು ಸಲ ಒರೆಸಿಕೊಂಡು ಬೆಟ್ಟದ ಕಡೆ ನಡೆಯಿತು. ಆ ಮೇ ತಿಂಗಳಲ್ಲಿ ಹಗಲು ಹೊತ್ತು ಒಂದು ಕೋಳಿಯೂ ಹೋಗಲಿಲ್ಲ. ಹಣ ಸಾರ್ಥಕವಾಯಿತು ಎಂದು ಮನಸ್ಸಿಗೆ ಎಷ್ಟು ಸಮಾಧಾನವಾಗಿತ್ತೆಂದು ಹೇಳಲಾರೆ.

ಕೊಳ್ಳುವ ಮೊದಲು ನನಗೆ ಯಾರೂ ಹೇಳದ ಎರಡು ಸಂಗತಿಗಳಿವೆ. ಒಂದು, ಐವತ್ತು ಮೀಟರ್ ಎಂದರೆ ತುಂಬ ದೊಡ್ಡದೆನಿಸುತ್ತದೆ, ಚೌಕವಾಗಿ ಸುತ್ತಿದರೆ ಒಳಗೆ ಸಿಗುವುದು ಒಂದೂವರೆ ಗುಂಟೆ ಮಾತ್ರ. ಇಪ್ಪತ್ತೈದು ಕೋಳಿಗಳು ಅಷ್ಟು ಜಾಗದ ಹುಲ್ಲನ್ನು ಹತ್ತು ದಿನದಲ್ಲಿ ಬೋಳು ಮಾಡುತ್ತವೆ. ಹೀಗಾಗಿ ಎರಡು ವಾರಕ್ಕೊಮ್ಮೆ ಬಲೆಯನ್ನು ಕಿತ್ತು ಬೇರೆ ಕಡೆ ಹೂಡಬೇಕು. ಚಿರೆಕಲ್ಲಿನ ನೆಲದಲ್ಲಿ ಗೂಟ ಇಳಿಯುವುದಿಲ್ಲ, ಪ್ರತಿ ಗೂಟಕ್ಕೂ ಮೊದಲು ಹಾರೆಯಿಂದ ತೂತು ಹೊಡೆಯಬೇಕು. ಇಬ್ಬರು ಸೇರಿದರೆ ಒಂದು ಗಂಟೆಯ ಕೆಲಸ.

ಇನ್ನೊಂದು ಅರ್ಥಿಂಗ್. ಪ್ರಾಣಿಗೆ ಶಾಕ್ ಹೊಡೆಯಬೇಕಾದರೆ ಕರೆಂಟು ಅದರ ಕಾಲಿನಿಂದ ನೆಲಕ್ಕಿಳಿದು ಸರಳಿನ ಮೂಲಕ ಮಷಿನ್‌ಗೆ ಮರಳಬೇಕು. ನಮ್ಮ ಕೆಂಪು ನೆಲ ಏಪ್ರಿಲ್, ಮೇ ತಿಂಗಳಲ್ಲಿ ಸುಟ್ಟ ಹೆಂಚಿನಂತೆ ಒಣಗಿರುತ್ತದೆ. ಬಲೆಯಲ್ಲಿ ಟೆಸ್ಟರ್ 6,000 ವೋಲ್ಟ್ ತೋರಿಸಿದರೂ ಚಪ್ಪಲಿಯಿಲ್ಲದೆ ನಿಂತು ಮುಟ್ಟಿದರೆ ಇರುವೆ ಕಡಿದಷ್ಟೂ ಆಗುತ್ತಿರಲಿಲ್ಲ. ಕಾರಣ ತಿಳಿಯುವುದಕ್ಕೆ ಒಂದು ಬೇಸಿಗೆ ಬೇಕಾಯಿತು. ಕಡೆಗೆ ಸರಳನ್ನು ಬಚ್ಚಲ ನೀರು ಹರಿದುಹೋಗುವ ಬಾಳೆಬುಡದಲ್ಲಿ ಹೂಳಿ, ಅಲ್ಲಿಂದ ಮಷಿನ್‌ವರೆಗೆ ತಂತಿ ಎಳೆದೆ. ವರ್ಷವಿಡೀ ತೇವ ಇರುವ ಜಾಗ ಅದೊಂದೇ. ಅಂದಿನಿಂದ ಬೇಸಿಗೆಯಲ್ಲೂ ಹೊಡೆತ ಸರಿಯಾಗಿ ಹತ್ತುತ್ತಿದೆ.

ಇನ್ನು ಮಳೆಗಾಲ. ಈ ಸಾಮಾನನ್ನು ರೂಪಿಸಿದವರು ನಮ್ಮ ಕಡೆಯ ಆರಿದ್ರಾ, ಪುನರ್ವಸು ಮಳೆಗಳನ್ನು ಕಂಡವರಲ್ಲ. ಹುಲ್ಲು ರಾತ್ರಿ ಬೆಳಗಾಗುವುದರೊಳಗೆ ಒಂದು ಬೆರಳು ಏಳುತ್ತದೆ. ಒದ್ದೆ ಹುಲ್ಲು ತಂತಿಗೆ ತಾಗಿತೆಂದರೆ ಕರೆಂಟೆಲ್ಲ ಅದರ ಮೂಲಕವೇ ನೆಲಕ್ಕೆ ಸೋರಿ ಹೋಗುತ್ತದೆ. ಜುಲೈಯಲ್ಲಿ ಟೆಸ್ಟರ್ 1,500 ದಾಟಿದ ದಿನಗಳು ಕಡಿಮೆ. ಶಿರೂರಿನಲ್ಲಿ ಗುಡ್ಡ ಕುಸಿದ 2024ರ ಆ ಜುಲೈಯಲ್ಲಿ ನಮ್ಮಲ್ಲೂ ದಿನಗಟ್ಟಲೆ ಬಿಸಿಲಿನ ಮುಖ ಕಾಣಲಿಲ್ಲ. ಫಲಕ ಚಾರ್ಜ್ ಕೊಡದೆ ಬ್ಯಾಟರಿ ಪೂರ್ತಿ ಇಳಿದು, ಆಮೇಲೆ ಮೇಲೇಳಲೇ ಇಲ್ಲ. ಹೊಸದಕ್ಕೆ 1,150 ರೂಪಾಯಿ ಕೊಟ್ಟೆ. ಈಗ ಆಷಾಢ, ಶ್ರಾವಣದಲ್ಲಿ ವಾರಕ್ಕೊಮ್ಮೆ ಬ್ಯಾಟರಿಯನ್ನು ಬಿಚ್ಚಿ ಮನೆಯೊಳಗೆ ಚಾರ್ಜರಿಗೆ ಹಾಕುತ್ತೇನೆ. ಹುಲ್ಲಿಗೆ ಉಪಾಯ ಹೇಳಿದವರು ನಮ್ಮ ಅತ್ತೆ. ನಾನು ಮಳೆಯಲ್ಲಿ ಬಗ್ಗಿ ಕತ್ತಿ ಆಡಿಸುತ್ತಿರುವುದನ್ನು ಜಗಲಿಯಿಂದ ನೋಡುತ್ತಿದ್ದವರು, “ತಂಗೀ, ಎಷ್ಟು ಸಲ ಕೊಯ್ಯುತ್ತೀಯೆ? ಅಡಿಕೆ ಹಾಳೆ ಹಾಸಿ ಮೇಲೊಂದು ಕಲ್ಲಿಡು” ಎಂದರು. ಬಲೆಯ ಉದ್ದಕ್ಕೂ ಹಾಳೆಗಳನ್ನು ಮಗುಚಿ ಹಾಸಿದೆವು. ಹಾಳೆಯಡಿ ಹುಲ್ಲು ಬೆಳ್ಳಗಾಗಿ ಸತ್ತಿತು, ವೋಲ್ಟ್ ಮತ್ತೆ ಮೂರು ಸಾವಿರದ ಮೇಲೆ ಬಂತು. ಹಾಳೆ ಎರಡು ತಿಂಗಳಲ್ಲಿ ಕೊಳೆಯುತ್ತದೆ, ಆಮೇಲೆ ಬದಲಿಸಬೇಕು. ತೋಟವಿದ್ದವರಿಗೆ ಅದೇನು ಕಷ್ಟವಲ್ಲ.

ರಾತ್ರಿಯ ಕಾವಲನ್ನು ಮಾತ್ರ ಈ ಬಲೆಗೆ ಒಪ್ಪಿಸಲೇಬೇಡಿ. ನಾನು ಮೊದಲ ವರ್ಷ ಅದೇ ತಪ್ಪು ಮಾಡಿದೆ. ಬೇಲಿ ಇದೆಯಲ್ಲ ಎಂದು ಹಳೆಯ ಗೂಡನ್ನು ಹಾಗೇ ಬಿಟ್ಟಿದ್ದೆ. ಅದಕ್ಕಿದ್ದದ್ದು ಆರು ಮೂಲೆಯ ಕಣ್ಣಿನ ತೆಳು ಕೋಳಿ ಜಾಲರಿ, ಮರದ ಬಾಗಿಲು. 2023ರ ಆಗಸ್ಟ್‌ನಲ್ಲಿ ಮಳೆಗೆ ಬಾಗಿಲು ಉಬ್ಬಿ, ಕೆಳಗೆ ಮೂರು ಬೆರಳಷ್ಟು ಸಂದಿ ಬಿಟ್ಟಿತ್ತು. ಬೆಳಿಗ್ಗೆ ಕೋಳಿ ಬಿಡಲು ಹೋದಾಗ ಒಳಗೆ ಸದ್ದೇ ಇಲ್ಲ. ಕೋಳಿಗಳೆಲ್ಲ ಮೇಲಿನ ಅಡ್ಡಗೋಲಿನ ಒಂದೇ ತುದಿಗೆ ಒತ್ತಿಕೊಂಡು ಕೂತಿದ್ದವು. ಮೂಲೆಯಲ್ಲಿ ಹೆಬ್ಬಾವು ಸುತ್ತಿಕೊಂಡಿತ್ತು, ನಡು ಭಾಗ ದಪ್ಪವಾಗಿತ್ತು. ಬಂದ ಸಂದಿಯಿಂದ ಹೊರಗೆ ಹೋಗಲು ಅದಕ್ಕೆ ಆಗಿರಲಿಲ್ಲ. ಹಾವು ಹಿಡಿಯುವವರು ಬಂದು ಅದನ್ನು ಚೀಲಕ್ಕಿಳಿಸಿ ಕಾಡಿಗೆ ಬಿಟ್ಟರು. ಹೊಡೆಯಬೇಕೆಂದು ಕೋಲು ಹಿಡಿದು ಬಂದವರೂ ಇದ್ದರು, ನಾನು ಬಿಡಲಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಹೆಬ್ಬಾವು ಮತ್ತು ಉಡ ಎರಡೂ ಅತಿ ಹೆಚ್ಚು ರಕ್ಷಣೆಯ ಮೊದಲ ಅನುಸೂಚಿಯಲ್ಲಿವೆ. ಕಾಯ್ದೆ ಇಲ್ಲದಿದ್ದರೂ ಸಂದಿ ಬಿಟ್ಟವಳು ನಾನು, ಹಾವಿಗೆ ಯಾಕೆ ಶಿಕ್ಷೆ?

ಆ ತಿಂಗಳೇ ಗೂಡು ಬಿಚ್ಚಿ ಕಟ್ಟಿಸಿದೆ. ಎರಡಡಿ ಎತ್ತರದ ಚಿರೆಕಲ್ಲಿನ ಕಟ್ಟೆ, ಅದರ ಮೇಲೆ ಸುತ್ತಲೂ ಅರ್ಧ ಇಂಚು ಕಣ್ಣಿನ ವೆಲ್ಡ್ ಮೆಶ್, ತಗಡಿನ ಬಾಗಿಲು, ಎರಡು ಚಿಲಕ. ಕೋಳಿ ಜಾಲರಿ ಎಂದು ಮಾರುವ ಆ ತೆಳು ಬಲೆ ಕೋಳಿ ಹೊರಗೆ ಹೋಗದಂತೆ ತಡೆಯುತ್ತದೆ ಅಷ್ಟೆ. ಕಬ್ಬೆಕ್ಕು ಅದನ್ನು ಹಲ್ಲಿನಿಂದ ಹರಿಯುತ್ತದೆ, ಇಲ್ಲವೇ ಕಣ್ಣಿನೊಳಗೆ ಕೈ ಹಾಕಿ ಒರಗಿ ಮಲಗಿದ ಕೋಳಿಯ ಕುತ್ತಿಗೆ ಹಿಡಿಯುತ್ತದೆ. ಸಮುದ್ರಕ್ಕೆ ಹತ್ತಿರವಿರುವವರು ಮೆಶ್ ಕೊಳ್ಳುವಾಗ ವೆಲ್ಡ್ ಆದ ಮೇಲೆ ಸತು ಲೇಪಿಸಿದ್ದನ್ನೇ ಕೇಳಿ ಪಡೆಯಿರಿ. ಮೊದಲೇ ಲೇಪಿಸಿ ಆಮೇಲೆ ವೆಲ್ಡ್ ಮಾಡಿದ್ದು ಬೆಸುಗೆಯ ಜಾಗದಿಂದಲೇ ತುಕ್ಕು ಹಿಡಿಯುತ್ತದೆ. ಗೂಡಿಗೆ ಒಟ್ಟು 9,000 ರೂಪಾಯಿ ಖರ್ಚಾಯಿತು. ಆಗಿನಿಂದ ಈವರೆಗೆ ರಾತ್ರಿ ಹೊತ್ತು ಗೂಡಿನೊಳಗಿಂದ ಒಂದು ಕೋಳಿಯೂ ಹೋಗಿಲ್ಲ.

ಇದರಿಂದ ಇನ್ನೊಂದು ಅನುಕೂಲವೂ ಆಯಿತು. ಒಂದು ಬೆಳಿಗ್ಗೆ ಬಲೆಯಲ್ಲಿ ಸಿಕ್ಕಿ ಸತ್ತ ಕೇರೆ ಹಾವನ್ನು ಕಂಡಿದ್ದೆ. ತಂತಿ ತಾಗಿದರೆ ಬೆಕ್ಕು, ನಾಯಿ ಹಿಂದೆ ಹಾರುತ್ತವೆ, ಹಾವು ಮುಂದಕ್ಕೇ ನುಗ್ಗಿ ಕಣ್ಣಿನಲ್ಲಿ ಸಿಕ್ಕಿಕೊಳ್ಳುತ್ತದೆ. ನಮ್ಮ ಗದ್ದೆಯ ಇಲಿಗಳನ್ನು ತಿನ್ನುವ ಹಾವು ಅದು. ಬಹಳ ಸಂಕಟವಾಯಿತು. ಈಗ ಕೋಳಿಗಳು ಗೂಡು ಸೇರಿ ಚಿಲಕ ಬಿದ್ದ ಕೂಡಲೇ ಮಷಿನ್ ಆರಿಸಿ, ಬೆಟ್ಟದ ಕಡೆಯ ಬಲೆಯನ್ನು ಗೂಟಕ್ಕೆ ಎತ್ತಿ ಕಟ್ಟುತ್ತೇನೆ. ರಾತ್ರಿ ಓಡಾಡುವ ಜೀವಗಳಿಗೆ ದಾರಿ ಸಿಗುತ್ತದೆ, ಬ್ಯಾಟರಿಯೂ ಉಳಿಯುತ್ತದೆ.

ಗಿಡುಗಕ್ಕೆ ಈ ಬಲೆ ಲೆಕ್ಕಕ್ಕೇ ಇಲ್ಲ, ಅದು ಬರುವುದು ಮೇಲಿನಿಂದ. ಹೊಳಪಿಗೆ ಹೆದರಲಿ ಎಂದು ಸಿ.ಡಿ. ತೂಗುಹಾಕಿದೆ, ಒಂದು ವಾರ ನಡೆಯಿತು. ಪಿಳ್ಳೆಗಳಿಗಾಗಿ ತದಡಿ ಬಂದರಿನಿಂದ ಹಳೆಯ ದಪ್ಪ ದಾರದ ಮೀನುಬಲೆ ತಂದು ಗೂಡಿನ ಮುಂದಿನ ಅಂಗಳಕ್ಕೆ ಚಪ್ಪರದಂತೆ ಕಟ್ಟಿದ್ದೇವೆ. ಎರಡು ತಿಂಗಳು ತುಂಬುವವರೆಗೆ ಪಿಳ್ಳೆಗಳು ಅದರ ಅಡಿಯಲ್ಲೇ. ತೆಳು ನೂಲಿನ ಬಲೆ ಬೇಡ, ಹಕ್ಕಿಗಳು ಕಾಣದೆ ಬಂದು ಸಿಕ್ಕಿಕೊಳ್ಳುತ್ತವೆ.

ನಾಟಿ ಹೇಂಟೆಗಳು ನಾಲ್ಕಡಿಯನ್ನು ಸುಲಭವಾಗಿ ಹಾರುತ್ತವೆ, ಒಂದು ಕಡೆಯ ರೆಕ್ಕೆಯ ಉದ್ದ ಗರಿಗಳನ್ನು ಕತ್ತರಿಸಬೇಕಾಯಿತು. ನಮ್ಮಲ್ಲಿರುವ ನಾಲ್ಕು ಗಿರಿರಾಜ ಕೋಳಿಗಳಿಗೆ ಅದರ ಅಗತ್ಯ ಬೀಳಲಿಲ್ಲ, ಮೈಭಾರಕ್ಕೆ ಅವು ಅಷ್ಟು ಏಳುವುದಿಲ್ಲ.

ಬಾಳಿಕೆಯ ಬಗ್ಗೆ: ಗೂಟಗಳಲ್ಲಿ ಐದು ಬಿಸಿಲಿಗೆ ಪೆಡಸಾಗಿ ಮುರಿದಿವೆ, ಅಲ್ಲಿ ಬಿದಿರು ಕಟ್ಟಿದ್ದೇವೆ. ಬಲೆಯ ದಾರ ಇನ್ನೂ ಗಟ್ಟಿಯಾಗಿದೆ, ತಂತಿ ಮಾತ್ರ ಮೂರು ಕಡೆ ತುಂಡಾಗಿ ಗಂಟು ಹಾಕಿದ್ದೇನೆ. 2024ರ ಅಕ್ಟೋಬರ್‌ನಲ್ಲಿ ಮಷಿನ್ ನಿಂತಿತು. ಮಾರಿದವರಿಗೆ ಎರಡು ತಿಂಗಳು ಫೋನ್ ಮಾಡಿದರೂ ಕಳಿಸಿ, ನೋಡುತ್ತೇವೆ ಎನ್ನುವುದಕ್ಕಿಂತ ಹೆಚ್ಚಿನ ಉತ್ತರ ಸಿಗಲಿಲ್ಲ. ಕಡೆಗೆ ಕುಮಟಾದಲ್ಲಿ ಟಿ.ವಿ. ರಿಪೇರಿ ಮಾಡುವವರು ಬಿಚ್ಚಿ ನೋಡಿದರೆ ಒಳಗೆ ಇರುವೆಗಳು ಗೂಡು ಮಾಡಿದ್ದವು. ಚೊಕ್ಕ ಮಾಡಿ, ಒಂದು ಬೆಸುಗೆ ಹಾಕಿ, 250 ರೂಪಾಯಿ ತೆಗೆದುಕೊಂಡರು. ವೈರ್ ಒಳಗೆ ಹೋಗುವ ತೂತಿಗೆ ಮೇಣ ತುಂಬಿಸಿದ ಮೇಲೆ ಇರುವೆ ಒಳಗೆ ಹೋಗಿಲ್ಲ.

ನನ್ನ ಬರೆದಿಟ್ಟ ಲೆಕ್ಕದಲ್ಲಿ ಬಲೆ, ಗೂಡು ಎರಡೂ ಬಂದ ಮೇಲೆ 2024ರಲ್ಲಿ ಐದು ಕೋಳಿ, 2025ರಲ್ಲಿ ನಾಲ್ಕು ಕೋಳಿ ಹೋಗಿವೆ. ಒಂಬತ್ತರಲ್ಲಿ ಆರು ಮಳೆಗಾಲದ ಹಗಲಿನವು, ಬಲೆ ಸೊರಗಿದ್ದ ದಿನಗಳಲ್ಲಿ. ಮೂರನ್ನು ಗಿಡುಗ ಒಯ್ದಿತು. ಐದರಲ್ಲಿ ಮೂರೂವರೆ ಅಂಕ ಕೊಡುತ್ತೇನೆ, ದೀಪಾವಳಿಯಿಂದ ಮೇ ತಿಂಗಳವರೆಗಿನ ಕೆಲಸಕ್ಕೆ ಮಾತ್ರವಾದರೆ ನಾಲ್ಕೂವರೆ. ಕೈಯಲ್ಲಿರುವ ಹಣ ಒಂದಕ್ಕೇ ಸಾಕಾಗುವುದಾದರೆ ಮೊದಲು ಗೂಡು ಕಟ್ಟಿಸಿ, ಬಲೆ ಮುಂದಿನ ವರ್ಷಕ್ಕಿರಲಿ. ಕೊಳ್ಳುವಾಗ ಟೆಸ್ಟರ್ ಬಿಡಬೇಡಿ, ಮಷಿನ್ ಟಕ್ ಎನ್ನುತ್ತಿದ್ದರೂ ಬಲೆ ಸತ್ತಿರಬಹುದು.

ಇನ್ನೊಂದು ಐವತ್ತು ಮೀಟರ್ ಕೊಳ್ಳೋಣವೇ ಎಂದು ಮನೆಯಲ್ಲಿ ಮಾತಾಗಿತ್ತು. ಸದ್ಯಕ್ಕೆ ಬೇಡವೆಂದಿದ್ದೇನೆ. ಆ ಹಣದಲ್ಲಿ ಗೂಡಿನ ಮುಂದಿನ ಅಂಗಳಕ್ಕೆ ತಗಡು ಹೊದಿಸಿ ಸುತ್ತಲೂ ಮೆಶ್ ಹಾಕಿಸುವವರಿದ್ದೇವೆ. ಮೃಗಶಿರ ಮಳೆ ಹಿಡಿಯುವ ಮೊದಲು ಮುಗಿದರೆ, ಈ ಸಲದ ಜುಲೈಯನ್ನು ಕೋಳಿಗಳು ಅದರಡಿ ಕಳೆಯುತ್ತವೆ.