ಲೈನ್ ಬಜಾರದ ಪೇಡೆ ಮತ್ತು ಅದನ್ನು ತಿನ್ನಲು ಕಲಿಸಿದವರು

ಧಾರವಾಡ ಪೇಡೆ ಎಂಬ ಹೆಸರಿನಲ್ಲಿ ನಾನು ತಿಂದದ್ದರಲ್ಲೆಲ್ಲ ಉತ್ತಮವಾದದ್ದು ಲೈನ್ ಬಜಾರದ ಬಾಬುಸಿಂಗ್ ಠಾಕೂರ್ ಅಂಗಡಿಯದು. ನನ್ನ ಮದುವೆಗೂ ಈ ಅಂಗಡಿಗೂ ನಂಟಿರುವುದರಿಂದ ಓದುವವರು ನನ್ನ ಹೊಗಳಿಕೆಯಲ್ಲಿ ಸ್ವಲ್ಪ ಕಳೆದು ಓದಿಕೊಂಡರೂ ಬೇಸರವಿಲ್ಲ. ಪೇಡೆಯನ್ನು ಬರಿಯ ಪೇಡೆಯಾಗಿಯೇ ತೂಗಿ ನೋಡಿದರೂ ನನ್ನ ತೀರ್ಪು ಇದೇ.

ಮೊದಲು ತಿಂಡಿಯ ಮಾತು. ಈ ಪೇಡೆಗೆ ಬೇಕಾದದ್ದು ಹಾಲು, ಸಕ್ಕರೆ, ಬೆಂಕಿ ಮತ್ತು ಕೈಸೋಲದೆ ಕಡಾಯಿಯ ಮುಂದೆ ನಿಲ್ಲುವ ಮನುಷ್ಯ. ಹಾಲನ್ನು ಬತ್ತಿಸಿ ಖೋವಾ ಮಾಡಿ, ಅದನ್ನು ಸಕ್ಕರೆಯೊಂದಿಗೆ ಹುರಿಯುತ್ತಲೇ ಇರಬೇಕು. ಬಿಳಿ ಹೋಗಿ ಕೆನೆಬಣ್ಣ, ಕೆನೆಬಣ್ಣ ಹೋಗಿ ಕಂದು ಬರುವವರೆಗೆ ಸಟ್ಟುಗ ನಿಲ್ಲುವಂತಿಲ್ಲ. ಒಂದು ಗಳಿಗೆ ಮೈಮರೆತರೆ ತಳ ಹಿಡಿದು ಇಡೀ ಕಡಾಯಿ ಕಹಿಯಾಗುತ್ತದೆ. ಹುರಿದದ್ದನ್ನು ಪುಡಿ ಮಾಡಿ, ಉಂಡೆ ಕಟ್ಟಿ, ನುಣ್ಣನೆಯ ಸಕ್ಕರೆಯಲ್ಲಿ ಹೊರಳಿಸುತ್ತಾರೆ. ಇಷ್ಟೇ. ಇದರ ಹಿಂದೆ ಊರಿನ ಸುತ್ತಮುತ್ತ ಗೌಳಿಗರು ಸಾಕಿಕೊಂಡು ಬಂದ ಎಮ್ಮೆಗಳಿವೆ. ಅರ್ಧಚಂದ್ರದಂತೆ ಬಾಗಿದ ಕೊಂಬಿನ ಆ ಧಾರವಾಡಿ ಎಮ್ಮೆಗೆ ಪ್ರತ್ಯೇಕ ತಳಿಯೆಂಬ ಮಾನ್ಯತೆ ಸಿಕ್ಕಿದ್ದು 2021ರಲ್ಲಿ. ಪೇಡೆಗೆ ಭೌಗೋಳಿಕ ಸೂಚಕದ ಮಾನ್ಯತೆ ಅದಕ್ಕಿಂತ ಮೊದಲೇ ಬಂದಿತ್ತು. ಎಮ್ಮೆಯ ಸರದಿ ಇಷ್ಟು ತಡವಾಗಬಾರದಿತ್ತು ಎಂದು ನನಗೆ ಅನ್ನಿಸುತ್ತದೆ.

ಠಾಕೂರ್ ಪೇಡೆಯನ್ನು ಎರಡು ಬೆರಳುಗಳ ನಡುವೆ ಹಿಡಿದು ಮೆಲ್ಲಗೆ ಅದುಮಿ ನೋಡಿ. ಅದು ಚಪ್ಪಟೆಯಾಗುವುದಿಲ್ಲ, ಬಿರಿಯುತ್ತದೆ. ಬಿರಿದ ಅಂಚಿನಲ್ಲಿ ಸಣ್ಣ ರವೆಯಂಥ ಕಣಗಳು ಕಾಣುತ್ತವೆ. ಹೊರಗಿನ ಸಕ್ಕರೆ ನಾಲಗೆಗೆ ತಾಗಿದ ಕೂಡಲೇ ಕರಗಿಹೋಗುತ್ತದೆ, ಆಮೇಲೆ ಹುರಿದ ಹಾಲಿನ ಘಮ ನಿಧಾನವಾಗಿ ಏರುತ್ತದೆ. ಆ ಘಮದ ಕೊನೆಯಲ್ಲಿ ಕಹಿಯ ಸೆಳಕು ಇನ್ನೇನು ಬಂತು ಎನ್ನುವಷ್ಟರಲ್ಲಿ ರುಚಿ ನಿಂತುಬಿಡುತ್ತದೆ. ಹುರಿಯುವವರ ಕೈಗುಣವೆಲ್ಲ ಅಲ್ಲಿದೆ. ಬೆಂಗಳೂರಿನ ಒಂದು ಸಿಹಿತಿಂಡಿ ಅಂಗಡಿಯವರು ಧಾರವಾಡ ಪೇಡೆ ಎಂದು ಚೀಟಿ ಅಂಟಿಸಿ ನನಗೆ ಮಾರಿದ್ದು ಹಳದಿ ಬಣ್ಣದ, ಹಲ್ಲಿಗೆ ಮೆತ್ತಿಕೊಳ್ಳುವ, ಏಲಕ್ಕಿ ಸುರಿದ ಹಾಲಿನ ಉಂಡೆಯನ್ನು. ಹೆಸರಿಗೆ ಇರುವ ಮಾನವನ್ನು ಹೀಗೆ ಕಳೆಯುವವರ ಮೇಲೆ ನನಗೆ ನಿಜವಾಗಿಯೂ ಸಿಟ್ಟಿದೆ.

ಇನ್ನು ನಂಟಿನ ಮಾತು. ನಾನು ಗದಗಿನವಳು. ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಸಂಖ್ಯಾಶಾಸ್ತ್ರದಲ್ಲಿ ಎಂ.ಎಸ್ಸಿ. ಓದುತ್ತಿದ್ದೆ. ಹುಬ್ಬಳ್ಳಿ-ಧಾರವಾಡದ ನಡುವೆ ಈಗ ಓಡುವ ಚಿಗರಿ ಬಸ್ಸು ಇನ್ನೂ ಬಂದಿರದ ಕಾಲ. ನಮ್ಮ ಮನೆಯವರು ಶಿರಸಿಯವರು, ಆಗ ಸಸ್ಯಶಾಸ್ತ್ರ ವಿಭಾಗದಲ್ಲಿದ್ದರು. ಅವರ ಪ್ರಬಂಧಕ್ಕೆ ಎಲೆಗಳ ಅಳತೆಯ ಅಂಕಿಗಳಿದ್ದವು. ಅವನ್ನು ವಿಶ್ಲೇಷಿಸುವ ಬಗೆ ತಿಳಿಯದೆ ಒಂದು ಮಧ್ಯಾಹ್ನ ನಮ್ಮ ವಿಭಾಗಕ್ಕೆ ಬಂದು, ಯಾರಾದರೂ ಹೇಳಿಕೊಡುವಿರಾ ಎಂದು ಕೇಳಿದರು. ಗುರುಗಳು ನನ್ನ ಕಡೆ ಕೈ ತೋರಿಸಿದರು.

ಅವರ ನೋಟ್‌ಪುಸ್ತಕ ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಪೆನ್ಸಿಲ್ಲಿನಲ್ಲಿ ಎಳೆದ ನೇರ ಕಂಬಸಾಲು, ಒಂದೊಂದು ಸಾಲಿನಲ್ಲಿ ಒಂದೊಂದು ಎಲೆಯ ಉದ್ದ, ಅಗಲ. ಉಳಿದವುಗಳಿಗೆ ಸ್ವಲ್ಪವೂ ಹೊಂದದ ಒಂದು ಅಂಕಿ ನಡುವೆ ಇತ್ತು. ನಮ್ಮ ಶಾಸ್ತ್ರದಲ್ಲಿ ಅಂಥದ್ದನ್ನು ಕಂಡರೆ ಮೊದಲು ಅನುಮಾನ. ಎಷ್ಟೋ ಜನ ಸದ್ದಿಲ್ಲದೆ ಅಳಿಸಿಬಿಡುತ್ತಾರೆ, ಲೆಕ್ಕ ಚೆಂದ ಕಾಣುತ್ತದೆ. ಇವರು ಅದನ್ನು ಹಾಗೆಯೇ ಇಟ್ಟು, ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ "ಹುಳು ತಿಂದ ಎಲೆ" ಎಂದು ಬರೆದಿದ್ದರು. ಇದನ್ನು ಯಾಕೆ ತೆಗೆಯಲಿಲ್ಲ ಎಂದು ಕೇಳಿದೆ. "ಅದೂ ಆ ಗಿಡದ್ದೇ ಎಲೆಯಲ್ಲವೇ?" ಎಂದರು. ಅಂಕಿಗಳನ್ನು ನೋಡುವ ನನ್ನ ಕಣ್ಣು ಮನುಷ್ಯನನ್ನು ನೋಡಿದ್ದು ಆಗ.

ಕೆಲಸ ಮುಗಿದ ಮೇಲೆ ಅವರು ಕಾಲು ಕಿಲೋ ಪೇಡೆ ತಂದರು. ನನ್ನ ಕೈಗೆ ಕೊಟ್ಟು ಹೋಗುತ್ತಾರೆ ಎಂದುಕೊಂಡಿದ್ದೆ. ಬಾಗಿಲ ಬಳಿಯ ಸಿಪಾಯಿಯಿಂದ ಶುರು ಮಾಡಿ ಕೊಠಡಿಯಲ್ಲಿದ್ದ ಎಲ್ಲರಿಗೂ ಒಂದೊಂದು ಕೊಟ್ಟು, ಕೊನೆಗೆ ಉಳಿದವುಗಳೊಂದಿಗೆ ಪೆಟ್ಟಿಗೆಯನ್ನು ನನ್ನ ಮೇಜಿನ ಮೇಲಿಟ್ಟರು. ನಾನು ಒಂದನ್ನು ಇಡಿಯಾಗಿ ಬಾಯಿಗೆ ಹಾಕಿಕೊಳ್ಳುವುದನ್ನು ನೋಡಿ, ಬಹಳ ಸಂಕೋಚದಿಂದ, "ಅರ್ಧ ಮಾಡಿ ತಿಂದು ನೋಡಿ. ಅಗಿಯಬೇಡಿ, ಸ್ವಲ್ಪ ಹೊತ್ತು ನಾಲಗೆಯ ಮೇಲೆ ಹಾಗೆಯೇ ಇರಲಿ" ಎಂದರು. ಗದಗಿನಲ್ಲಿ ಹುಟ್ಟಿ ಬೆಳೆದವಳಿಗೆ ಪೇಡೆ ತಿನ್ನುವುದನ್ನು ಶಿರಸಿಯವರು ಹೇಳಿಕೊಡುವುದೇ? ಆದರೂ ಮಾಡಿ ನೋಡಿದೆ. ಮೇಲೆ ಬರೆದೆನಲ್ಲ, ಹುರಿದ ಹಾಲಿನ ಘಮ ಏರುವ ಬಗೆ, ಅದು ನನಗೆ ಗೊತ್ತಾದದ್ದು ಆ ದಿನ.

ಅವರು ಒಳ್ಳೆಯವರು ಎಂಬುದು ಖಾತ್ರಿಯಾದದ್ದು ಇದೇ ಅಂಗಡಿಯ ಸಾಲಿನಲ್ಲಿ. ಧಾರವಾಡದ ಮಳೆಗಾಲದ ಸಂಜೆ. ವಿಶ್ವವಿದ್ಯಾಲಯದ ಗುಡ್ಡ ಇಳಿದು, ಸಪ್ತಾಪುರ, ಕರ್ನಾಟಕ ಕಾಲೇಜು ದಾಟಿ ಮಾತಾಡುತ್ತಾ ನಡೆದು ಬಂದಿದ್ದೆವು. ನಾನು ಎದುರು ಬದಿಯ ಅಂಗಡಿಯೊಂದರ ಸೂರಿನ ಕೆಳಗೆ ನಿಂತೆ, ಅವರು ಸಾಲಿಗೆ ಹೋದರು. ನನ್ನ ಗೆಳತಿಯ ಹುಟ್ಟುಹಬ್ಬಕ್ಕೆ ಅರ್ಧ ಕಿಲೋ ಬೇಕಾಗಿತ್ತು. ಅವರ ಸರದಿ ಬರುವಷ್ಟರಲ್ಲಿ ಆ ಹೊತ್ತಿನ ಮಾಲು ತಳ ಕಂಡಿತ್ತು. ಹಿಂದೆ ರುಮಾಲು ಸುತ್ತಿದ ಒಬ್ಬ ಅಜ್ಜ, ತೊಯ್ದ ಧೋತರದಲ್ಲಿ ನಿಂತಿದ್ದರು. ಇವರು ತಿರುಗಿ ಅಜ್ಜನನ್ನು ಏನೋ ಕೇಳಿದರು, ಅಜ್ಜ ಏನೋ ಹೇಳಿದರು. ಆಮೇಲೆ ತಕ್ಕಡಿಯಲ್ಲಿದ್ದದ್ದನ್ನು ಎರಡು ಪಾಲು ಮಾಡಿಸಿ, ಒಂದು ಪೆಟ್ಟಿಗೆಯನ್ನು ಅಜ್ಜನಿಗೆ ಬಿಟ್ಟು, ಇನ್ನೊಂದನ್ನು ಅಂಗಿಯೊಳಗೆ ಅವುಚಿಕೊಂಡು ರಸ್ತೆ ದಾಟಿದರು. ನನ್ನ ಬಳಿ ಬಂದು ಹೇಳಿದ್ದು ಎರಡೇ ಮಾತು: "ಇಷ್ಟೇ ಸಿಕ್ಕಿತು."

ನಾನು ಎಲ್ಲವನ್ನೂ ನೋಡಿದ್ದೆ. ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಒಳ್ಳೆಯದನ್ನು ಮಾಡಿ ಅದರ ಸುದ್ದಿಯನ್ನು ಬಾಗಿಲಲ್ಲೇ ಬಿಟ್ಟು ಬರುವವರು ನನ್ನ ಬಳಗದಲ್ಲಿ ಬಹಳ ಕಡಿಮೆ. ಹಾಸ್ಟೆಲಿಗೆ ಮರಳುವ ದಾರಿಯುದ್ದಕ್ಕೂ ಅವರು ಕೆಲಗೇರಿ ಕೆರೆಯ ಕಡೆಯ ಯಾವುದೋ ಗಿಡದ ವಿಷಯ ಹೇಳುತ್ತಿದ್ದರು. ಇವರ ಜೊತೆ ಬದುಕಬಹುದು ಎಂದು ನಾನು ಅಷ್ಟು ಹೊತ್ತಿಗೆ ನಿಶ್ಚಯಿಸಿಯಾಗಿತ್ತು.

ಬದುಕಬಹುದು ಎಂದದ್ದು ಬರಿಯ ಮರುಳಿನಿಂದಲ್ಲ. ನಮಗಿಬ್ಬರಿಗೂ ಒಗ್ಗುವ ಸಂಗತಿಗಳಿದ್ದವು. ಇಬ್ಬರಿಗೂ ನಡೆಯುವುದು ಇಷ್ಟ, ಗದ್ದಲ ಆಗದು, ಸಾಲ ಮಾಡಿ ಕೊಳ್ಳುವುದು ಆಗದು. ನನಗೆ ಸಿಟ್ಟು ಬೇಗ. ಅವರು ತಿರುಗಿ ಕೂಗುವವರಲ್ಲ, ಹಾಗೆಂದು ಮುಖ ಊದಿಸಿಕೊಂಡು ದಿನಗಟ್ಟಲೆ ಕೂರುವವರೂ ಅಲ್ಲ. ಸ್ವಲ್ಪ ಹೊತ್ತು ಬಿಟ್ಟು, "ಆ ಮಾತು ನನಗೆ ನೋವಾಯಿತು" ಎಂದು ನೇರವಾಗಿ ಹೇಳುತ್ತಾರೆ. ಹೇಳಿದ ಮೇಲೆ ಅದು ಅಲ್ಲಿಗೆ ಮುಗಿಯಿತು. ಜ್ವರ ಬಂದು ನಾನು ಹಾಸ್ಟೆಲಿನಲ್ಲಿ ಮಲಗಿದ್ದಾಗ ನನ್ನ ಸಹಪಾಠಿಯಿಂದ ಟಿಪ್ಪಣಿ ಕೇಳಿ ಪಡೆದು, ಸೂತ್ರಗಳನ್ನೆಲ್ಲ ಕೈಯಲ್ಲೇ ಬರೆದು ಗೇಟಿನ ಕಾವಲುಗಾರನ ಬಳಿ ಬಿಟ್ಟುಹೋಗಿದ್ದರು. ಸಸ್ಯಶಾಸ್ತ್ರದವರಿಗೆ ಆ ಸೂತ್ರಗಳಲ್ಲಿ ಅರ್ಧವೂ ಅರ್ಥವಾಗುವಂತಿರಲಿಲ್ಲ. ಸಂದೇಹ ಬಂದ ಕಡೆಯಲ್ಲೆಲ್ಲ ಪೆನ್ಸಿಲ್ಲಿನಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದರು. ಆ ಚಿಹ್ನೆ ಇದ್ದ ಕಡೆಗಳನ್ನು ಮಾತ್ರ ನಾನು ತಾಳೆ ನೋಡಿಕೊಂಡರೆ ಸಾಕಾಯಿತು. ಬೆಂಗಳೂರಿನಲ್ಲಿ ನನಗೆ ಕೆಲಸದ ಅವಕಾಶ ಬಂದಾಗ ಅವರ ಸಂಶೋಧನೆ ಧಾರವಾಡದಲ್ಲೇ ಇತ್ತು. ಹೋಗು ಎನ್ನಲಿಲ್ಲ, ಬೇಡ ಎನ್ನಲಿಲ್ಲ. "ನಿಮಗೆ ಏನು ಬೇಕು?" ಎಂದು ಕೇಳಿ, ನಾನು ಉತ್ತರ ಹುಡುಕಿಕೊಳ್ಳುವವರೆಗೆ ಕಾದರು. ಆ ಕಾಯುವಿಕೆಯನ್ನು ನಾನು ದೊಡ್ಡ ಗುಣ ಎಂದು ಎಣಿಸುತ್ತೇನೆ.

ನಮ್ಮ ಕಡೆ ಪೇಡೆ ಎಂದರೆ ಸುದ್ದಿ. ಪರೀಕ್ಷೆ ಪಾಸಾದರೆ, ನೌಕರಿ ಸಿಕ್ಕರೆ, ಮಗು ಹುಟ್ಟಿದರೆ, ಮದುವೆ ಗೊತ್ತಾದರೆ ಪೆಟ್ಟಿಗೆ ಬರುತ್ತದೆ. ನಾನು ಗದಗಿನ ಮನೆಯಲ್ಲಿ ಅರ್ಧ ಕಿಲೋ ಪೆಟ್ಟಿಗೆಯನ್ನು ಅವ್ವನ ಮುಂದಿಟ್ಟಾಗ ಅವ್ವ ರೊಟ್ಟಿ ಬಡಿಯುತ್ತಿದ್ದಳು.

"ಯಾವ ಪರೀಕ್ಷೆ ಪಾಸಾಯಿತು?" ಎಂದಳು.

"ಇದು ಪರೀಕ್ಷೆಯದ್ದಲ್ಲ ಅವ್ವ."

ಅವಳು ಹಿಟ್ಟಿನ ಕೈ ತೊಳೆದು ಬಂದು, ಒಂದು ಪೇಡೆ ತೆಗೆದುಕೊಂಡು, ಪೂರ್ತಿ ತಿಂದು ಮುಗಿಸಿ, ಆಮೇಲೆ ಕೇಳಿದಳು: "ಹುಡುಗ ಯಾವ ಊರಿನವನು?"

ಅಪ್ಪನನ್ನು ಒಪ್ಪಿಸುವುದು ಅಷ್ಟು ಸುಲಭವಿರಲಿಲ್ಲ. ಘಟ್ಟದ ಕಡೆಯವರು, ಊಟ ಬೇರೆ, ಮಾತಿನ ರಾಗ ಬೇರೆ, ಜೋಳದ ರೊಟ್ಟಿ ಇಲ್ಲದ ಮನೆಯಲ್ಲಿ ನೀನು ಹೇಗಿರುತ್ತೀಯಾ ಎಂಬುದು ಅವರ ಚಿಂತೆ. ಪೆಟ್ಟಿಗೆ ಅವರ ಎದುರಿಗೇ ಇತ್ತು. ನಾನು ಹೇಳಿದೆ: ಅಪ್ಪ, ಈ ಠಾಕೂರ್ ಮನೆತನದವರು ಉತ್ತರ ಪ್ರದೇಶದ ಉನ್ನಾವಿನ ಕಡೆಯವರು. ಹತ್ತೊಂಬತ್ತನೆಯ ಶತಮಾನದಲ್ಲಿ ಪ್ಲೇಗಿಗೆ ಹೆದರಿ ಊರು ಬಿಟ್ಟು ಧಾರವಾಡಕ್ಕೆ ಬಂದು, ಹೊಟ್ಟೆಪಾಡಿಗೆ ಪೇಡೆ ಮಾಡಿದರು. ಅವರ ಮೊಮ್ಮಗನ ಹೆಸರೇ ಇವತ್ತಿಗೂ ಅಂಗಡಿಗಿದೆ. ಉನ್ನಾವು ಎಲ್ಲಿ, ಧಾರವಾಡ ಎಲ್ಲಿ? ಅವರ ಪೇಡೆ ನಮ್ಮದಾಗಬಹುದಾದರೆ ಶಿರಸಿ ಯಾವ ಮಹಾ ದೂರ? ಅಪ್ಪ ಆ ದಿನ ಉತ್ತರ ಕೊಡಲಿಲ್ಲ. ಆದರೆ ಮುಂದಿನ ತಿಂಗಳು ಹುಡುಗನ ಮನೆಗೆ ಹೊರಟಾಗ ಬಸ್ಸನ್ನು ಧಾರವಾಡದಲ್ಲಿ ಇಳಿದು, ಲೈನ್ ಬಜಾರಕ್ಕೆ ತಾವೇ ನಡೆದು ಹೋಗಿ ಒಂದು ಕಿಲೋ ತೆಗೆದುಕೊಂಡರು. ಶಿರಸಿಯವರು ತಿರುಗಿ ಕೊಟ್ಟದ್ದು ತೊಡದೇವು ಎಂಬ, ಹಾಳೆಯಂತೆ ತೆಳ್ಳಗಿನ ಸಿಹಿತಿಂಡಿ. ಅದರ ಬಗ್ಗೆ ಬೇರೆಯೇ ಬರೆಯಬೇಕು.

ಇನ್ನು ಕೊಳ್ಳುವವರಿಗೆ ನಾಲ್ಕು ಮಾತು. ಹುಬ್ಬಳ್ಳಿಯಿಂದ ಚಿಗರಿಯಲ್ಲಿ ಬಂದರೆ ಜುಬಿಲಿ ಸರ್ಕಲ್ಲಿನಲ್ಲಿ ಇಳಿದು ನಡೆದೇ ಹೋಗಬಹುದು. ಮಾಡಿದ್ದು ಮುಗಿದರೆ ಮುಗಿಯಿತು, ಆದ್ದರಿಂದ ಬೇಗ ಹೋಗಿ ನಿಲ್ಲುವುದು ಒಳ್ಳೆಯದು. ಮದುವೆ, ನಾಮಕರಣಕ್ಕೆ ಹೆಚ್ಚು ಬೇಕಿದ್ದರೆ ಸಾಕಷ್ಟು ಮೊದಲೇ ಹೋಗಿ ಮಾತಾಡಿಕೊಂಡು ಬನ್ನಿ. ಸಾಲಿನಲ್ಲಿ ನಿಲ್ಲುವ ಪುರುಸೊತ್ತು ಇಲ್ಲದವರಿಗೆ ಮಿಶ್ರಾ ಪೇಡೆ ಇದೆ. 1933ರಿಂದ ಬಂದ ಹೆಸರು, ಮಳಿಗೆಗಳೂ ಬಹಳ, ಬಸ್ಸು ಹತ್ತುವ ಮುನ್ನ ಸುಲಭವಾಗಿ ಸಿಗುತ್ತದೆ. ಅದೂ ಒಳ್ಳೆಯ ಪೇಡೆಯೇ. ನನ್ನ ನಾಲಗೆಗೆ ಮಾತ್ರ ಠಾಕೂರ್ ಪೇಡೆಯ ಹುರಿತ ಒಂದು ಕೈ ಮೇಲು. ಸಿಹಿ ಕಡಿಮೆ ಬೇಕೆನ್ನುವವರು ಹೊರಗಿನ ಸಕ್ಕರೆಯನ್ನು ಬೆರಳಿನಿಂದ ತಟ್ಟಿ ಉದುರಿಸಿ ತಿನ್ನಬಹುದು. ನಮ್ಮ ಅತ್ತೆ ಹಾಗೆಯೇ ತಿನ್ನುತ್ತಾರೆ.

ಫ್ರಿಜ್ಜಿನಲ್ಲಿ ಇಡಬೇಡಿ. ಗಟ್ಟಿಯಾಗಿ ಘಮ ಸತ್ತುಹೋಗುತ್ತದೆ. ಒಣಗಿದ ಡಬ್ಬಿಯಲ್ಲಿ ಮುಚ್ಚಿಟ್ಟರೆ ಹೊರಗಡೆಯೇ ಒಂದು ವಾರ ಚೆನ್ನಾಗಿರುತ್ತದೆ, ಅಷ್ಟು ದಿನ ಉಳಿದರೆ. ಬೆಂಗಳೂರಿಗೆ ತರುವವರು ಪೆಟ್ಟಿಗೆಯನ್ನು ಸೂಟ್‌ಕೇಸಿನ ತಳಕ್ಕೆ ತುರುಕದೆ ಕೈಚೀಲದಲ್ಲಿ ಇಟ್ಟುಕೊಳ್ಳಿ, ಅದುಮಿದರೆ ಪುಡಿಯಾಗುತ್ತದೆ. ಪುಡಿಯಾದರೂ ಎಸೆಯಬೇಡಿ. ಬಿಸಿ ಹಾಲಿಗೆ ಹಾಕಿ ಕಲಕಿ ಕುಡಿಯಿರಿ. ನಮ್ಮ ಮನೆಯಲ್ಲಿ ಪೆಟ್ಟಿಗೆಯ ತಳದ ಪುಡಿಯ ಮೇಲೆ ಮಗಳಿಗೇ ಹಕ್ಕು, ಅಪ್ಪನಿಗೂ ಅದರಲ್ಲಿ ಪಾಲು ಕೊಡುವುದಿಲ್ಲ.