ಹಾವು, ಓತಿಗಳ ಫೋಟೋಕ್ಕೆ ಮೊಬೈಲೋ, ಮ್ಯಾಕ್ರೋನೋ, ಜೂಮೋ?

ತೀರ್ಥಹಳ್ಳಿ ಕಡೆಯ ನಮ್ಮ ಅಡಿಕೆ ತೋಟ, ಅದರ ಕೆಳಗಿನ ಹಳ್ಳ, ಮನೆಯ ಹಿಂದಿನ ಸೊಪ್ಪಿನ ಬೆಟ್ಟ. ಮೂರು ವರ್ಷದಿಂದ ನನ್ನ ಓಡಾಟ ಇಷ್ಟರಲ್ಲೇ. ಮೊದಲ ವರ್ಷ ಕೈಯಲ್ಲಿದ್ದದ್ದು ಮೊಬೈಲು. ಎರಡನೇ ವರ್ಷ ಕ್ಯಾಮೆರಾದ ಜೊತೆ, ತೀರಾ ಹತ್ತಿರದಿಂದ ಸಣ್ಣದ್ದನ್ನು ದೊಡ್ಡದಾಗಿ ತೆಗೆಯುವ 100 ಎಂಎಂ ಮ್ಯಾಕ್ರೋ ಲೆನ್ಸ್ ಬಂತು. ಮೂರನೇ ವರ್ಷ, ದೂರದ್ದನ್ನು ಹತ್ತಿರ ತರುವ ಸೆಕೆಂಡ್‌ಹ್ಯಾಂಡ್ 70-300 ಎಂಎಂ ಜೂಮ್ ಲೆನ್ಸ್. ಹಾವಿನ ಫೋಟೋ ಎಂದರೆ ಸಾಕು, ಬಲ್ಲವರೆಲ್ಲ ‘ಮೊದಲು ಮ್ಯಾಕ್ರೋ ತಗೋ’ ಅನ್ನುತ್ತಾರೆ. ಒಂದೇ ಲೆನ್ಸಿಗೆ ದುಡ್ಡಿರುವವರು ಜೂಮ್ ತಗೊಳ್ಳಲಿ ಎಂಬುದು ನನ್ನ ಮಾತು.

ಮೊಬೈಲನ್ನು ತೀರಾ ತೆಗೆದುಹಾಕುವಂತಿಲ್ಲ. ಬಾವಿಕಟ್ಟೆಯ ಕಲ್ಲುಸಂದಿಯಲ್ಲಿ ಹಗಲು ಹೊತ್ತೇ ಓಡಾಡುವ ಪುಟ್ಟ ಹಲ್ಲಿಗಳಿವೆ. ಮನೆ ಹಲ್ಲಿಯ ಕಣ್ಣಪಾಪೆ ಸೀಳಿದಂತಿದ್ದರೆ ಇವುಗಳದ್ದು ಗುಂಡಗೆ. ಕ್ಯಾಮೆರಾ ತೂರದ ಆ ಸಂದಿಗೆ ಮೊಬೈಲು ಹೋಗುತ್ತದೆ, ಕಣ್ಣಪಾಪೆಯೂ ಸ್ಪಷ್ಟವಾಗಿ ಬರುತ್ತದೆ. ಆದರೆ ಹಾವಿಗೆ ಮೊಬೈಲು ಬೇಡವೇ ಬೇಡ. ಚಿತ್ರ ತುಂಬಬೇಕೆಂದರೆ ಕೈ ಚಾಚಲೇಬೇಕಾಗುತ್ತದೆ.

ಮ್ಯಾಕ್ರೋ ಕೊಡುವ ಸೂಕ್ಷ್ಮವನ್ನು ಉಳಿದೆರಡೂ ಕೊಡಲಾರವು, ಅದು ನಿಜ. ರಾತ್ರಿ ಎಳೆಕೊಂಬೆಯ ತುದಿಯಲ್ಲಿ ಮಲಗಿದ ಓತಿಕ್ಯಾತ ಟಾರ್ಚ್ ಬೆಳಕಿಗೆ ಬಿಳಿಚಿಕೊಂಡು ಕಾಣುತ್ತದೆ. ಅದರ ಬೆನ್ನಿನ ಮುಳ್ಳುಗಳನ್ನು ಒಂದೊಂದಾಗಿ ಎಣಿಸುವಂಥ ಫೋಟೋ ನನ್ನಲ್ಲಿದೆ. ಗುರುತು ಹಿಡಿಯುವುದಕ್ಕೂ ಮ್ಯಾಕ್ರೋ ದೊಡ್ಡ ಸಹಾಯ. ನಾವೆಲ್ಲ ಒಂದೇ ಅಂದುಕೊಂಡಿದ್ದ ಹಸಿರು ಹಾವನ್ನು 2020ರಲ್ಲಿ ಸಂಶೋಧಕರು ಹಲವು ಪ್ರಭೇದಗಳಾಗಿ ಬೇರ್ಪಡಿಸಿದರು. ಈಗ ತಲೆಯ ಪಕ್ಕದ ಹುರುಪೆ ಸ್ಪಷ್ಟವಾಗಿಲ್ಲದ ಫೋಟೋ ತೋರಿಸಿ ಹೆಸರು ಕೇಳಿದರೆ ತಿಳಿದವರಿಗೂ ಹೇಳುವುದು ಕಷ್ಟ. (ಹಸಿರು ಹಾವು ಕಣ್ಣಿಗೇ ಕುಕ್ಕುತ್ತದೆ ಅನ್ನುತ್ತಿದ್ದ ಅಮ್ಮ, ಅದರ ಅಡ್ಡ ಕಣ್ಣಪಾಪೆಯ ಫೋಟೋ ನೋಡಿದ ಮೇಲೆ ‘ಪಾಪ, ಎಷ್ಟು ಚಂದ ಇದೆ’ ಅಂದರು. ನನಗೆ ಆ ದಿನ ಆದ ಸಂತೋಷ ದೊಡ್ಡದು.)

ಮ್ಯಾಕ್ರೋದ ತೊಂದರೆ ಇರುವುದು ಪ್ರಾಣಿಗೂ ನಮಗೂ ಉಳಿಯುವ ಅಂತರದಲ್ಲಿ. ಪೂರ್ತಿ ಹತ್ತಿರದ ಚಿತ್ರಕ್ಕೆ ಈ ಲೆನ್ಸಿನ ಮೂತಿಯಿಂದ ಪ್ರಾಣಿಗೆ ಒಂದು ಗೇಣೂ ಉಳಿಯುವುದಿಲ್ಲ. ಹಿಂದೆ ಸರಿದು ತೆಗೆಯಬಹುದು, ಆದರೆ ಕೈಯಲ್ಲಿ ಮ್ಯಾಕ್ರೋ ಇದ್ದಾಗ ಇನ್ನಷ್ಟು, ಇನ್ನಷ್ಟು ಎಂದು ಮನಸ್ಸು ಮುಂದಕ್ಕೇ ಎಳೆಯುತ್ತದೆ. ಒಂದು ಸಂಜೆ ತೋಟದ ಅಗಳದ ಬದಿ ದರಗಿನಲ್ಲಿ ಉಬ್ಬುಮೂಗಿನ ಗುಳಿಮಂಡಲ ಸುತ್ತಿಕೊಂಡಿತ್ತು, ಒಂದು ಮೊಳವೂ ಇಲ್ಲದ ವಿಷದ ಹಾವು. ಮಂಡಿಯೂರಿ ಫೋಕಸ್ ಮಾಡುತ್ತ ಬಗ್ಗಿದವನಿಗೆ ಅದು ಬಾಲದ ತುದಿ ಅಲುಗಿಸುತ್ತಿದ್ದದ್ದು ತಡವಾಗಿ ಕಂಡಿತು. ಮೆಲ್ಲಗೆ ಹಿಂದೆ ಸರಿದೆ, ಕಚ್ಚಲಿಲ್ಲ. ನಮ್ಮ ಆಸ್ಪತ್ರೆಗಳಲ್ಲಿ ಸಿಗುವ ವಿಷನಿರೋಧಕ ಔಷಧಿ ತಯಾರಾಗುವುದು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ, ಈ ನಾಲ್ಕರ ವಿಷದಿಂದ. ಉಬ್ಬುಮೂಗಿನದ್ದಕ್ಕೆ ಅದು ನಾಟುವುದಿಲ್ಲ, ಮಲಬಾರ್ ಗುಳಿಮಂಡಲಕ್ಕೂ ಅಷ್ಟೇ. ಮಲೆನಾಡಿನಲ್ಲಿ ರಾತ್ರಿ ಹೊತ್ತು ಈ ಎರಡೂ ಎದುರಾಗುತ್ತವೆ. ನನ್ನ ಅಭಿಪ್ರಾಯ ಬದಲಾದದ್ದು ಆ ಸಂಜೆ.

ನನ್ನ ಜೂಮಿಗೆ ಫೋಕಸ್ ಸಿಗಬೇಕಾದರೆ ಒಂದೂವರೆ ಮೀಟರ್ ದೂರ ನಿಲ್ಲಲೇಬೇಕು. ಕೊರತೆ ಎಂದು ಕೊಂಡಾಗ ಅಂದುಕೊಂಡಿದ್ದೆ. ಈಗ ಅದೇ ನನಗೆ ಬೇಕಾದ ಗುಣ. ಅಷ್ಟು ದೂರದಲ್ಲಿದ್ದರೆ ಹಾವು ತಲೆ ತಿರುಗಿಸುವುದಿಲ್ಲ, ಇದ್ದಂತೆ ಇರುತ್ತದೆ. ಕೋಲಿನಿಂದ ತಿವಿದು ಹೆಡೆ ಎತ್ತಿಸಿದ ಫೋಟೋಕ್ಕಿಂತ ಕಪ್ಪೆಗಾಗಿ ಕಾದು ಕುಳಿತ ಹಾವಿನ ಫೋಟೋ ಎಷ್ಟೋ ಮೇಲು.

ಹಾರುವ ಓತಿಗಂತೂ ಜೂಮ್ ಬಿಟ್ಟರೆ ಗತಿಯಿಲ್ಲ. ಬಿಸಿಲು ತೋಟಕ್ಕೆ ಇಳಿದ ಮೇಲೆ ಬರಿಗಣ್ಣಿಗೆ ಅಡಿಕೆ ಮರದ ತೊಗಟೆಯಂತೆಯೇ ಕಾಣುವ ಪ್ರಾಣಿ ಅದು. ಗಂಡು ಗಂಟಲ ಕೆಳಗಿನ ಹಳದಿ ಚೀಲ ಪಟಪಟನೆ ಬಿಚ್ಚಿದಾಗಲೇ ಗೊತ್ತಾಗುವುದು. ನಾವು ಹತ್ತಿರ ಹೋದಂತೆ ಮರದ ಆಚೆ ಬದಿಗೆ ಸರಿಯುತ್ತದೆ. ತಮ್ಮನನ್ನು ಆಚೆ ಕಡೆಯಿಂದ ನಿಧಾನ ನಡೆಸಿದರೆ ಅದು ಈಚೆ ಬರುತ್ತದೆ, ನಾನು ಜೂಮನ್ನು 300ರ ತುದಿಗೆ ಎಳೆದು ಕಾಯುತ್ತಿರುತ್ತೇನೆ. ಪಕ್ಕೆಲುಬುಗಳ ಮೇಲೆ ಹರಡಿಕೊಳ್ಳುವ ಆ ರೆಕ್ಕೆ ಬಿಚ್ಚಿ ಜಾರುವ ಗಳಿಗೆ ಮಾತ್ರ ಇನ್ನೂ ಸಿಕ್ಕಿಲ್ಲ. ಮ್ಯಾಕ್ರೋದಲ್ಲಿ ಒಂದು ವರ್ಷ ಪ್ರಯತ್ನಿಸಿ ಸಿಕ್ಕಿದ್ದು ಮರದ ಕಾಂಡಗಳು.

ರಾತ್ರಿಗೆ ಜೂಮ್ ಸೋಲುತ್ತದೆ ಅನ್ನುವವರ ಮಾತಿನಲ್ಲಿ ಅರ್ಧ ಸತ್ಯವಿದೆ. ಟಾರ್ಚ್ ಬೆಳಕೊಂದನ್ನೇ ನೆಚ್ಚಿದರೆ ಚಿತ್ರ ಅಲುಗುತ್ತದೆ. ಫ್ಲ್ಯಾಶ್‌ಗೆ ಬಿಳಿ ಬಟ್ಟೆ ಕಟ್ಟಿ, ಲೆನ್ಸಿನೊಳಗೆ ಬೆಳಕು ಬಿಡುವ ಕಿಂಡಿಯನ್ನು ಎಫ್8ರಲ್ಲಿ ಇಟ್ಟ ಮೇಲೆ ನನಗೆ ಆ ತೊಂದರೆ ಉಳಿಯಲಿಲ್ಲ.

ಹೋದ ಜುಲೈಯಲ್ಲಿ ಹಳ್ಳದ ಪಕ್ಕದ ಕುರುಚಲು ಗಿಡದ ಮೇಲೆ ಕಂದುಬಣ್ಣದ ಮಲಬಾರ್ ಗುಳಿಮಂಡಲ ಕಂಡಿತು. ಹಸಿರು, ಹಳದಿ, ಕಂದು ಎಂದು ಇದಕ್ಕೆ ಹಲವು ಬಣ್ಣ. ನಾಲ್ಕು ರಾತ್ರಿ ಅದು ಅದೇ ಕೊಂಬೆಯ ಮೇಲಿತ್ತು. ಗಂಬೂಟು ಹಾಕಿ, ಇಂಬಳ ಕೀಳುತ್ತ, ನಾಲ್ಕು ರಾತ್ರಿಯೂ ಜೂಮ್ ಹಿಡಿದು ಹೋದೆ. ಮೂರನೇ ರಾತ್ರಿ ಅದರ ಬಾಯಲ್ಲಿ ಕಪ್ಪೆ ಇತ್ತು. ಐದನೇ ದಿನ ಹಳ್ಳ ತುಂಬಿ ಹರಿಯಿತು, ‘ಇವತ್ತು ಇಳೀಬೇಡ ಮಾರಾಯ’ ಅಂದರು ಅಮ್ಮ. ನೀರಿಳಿದ ಮೇಲೆ ಹೋದಾಗ ಕೊಂಬೆ ಖಾಲಿ ಇತ್ತು.