ಕಾಪು–ಮಂಗಳೂರು ಬಸ್ ರಿಯಾಯಿತಿ: ಮೂವರ ಬಳಕೆಯ ಅನುಭವ

ನಮ್ಮ ಮನೆಯ ಮೂವರೂ ಸರ್ಕಾರಿ ಬಸ್ಸಿನ ಒಂದೊಂದು ರಿಯಾಯಿತಿಯ ಫಲಾನುಭವಿಗಳು. ಸೇನೆಯಿಂದ ನಿವೃತ್ತನಾದ ನಾನು ಔಷಧಕ್ಕೆಂದು ಮಂಗಳೂರಿನ ಇಸಿಎಚ್‌ಎಸ್ (ಮಾಜಿ ಸೈನಿಕರ ಆರೋಗ್ಯ ಯೋಜನೆ) ಪಾಲಿಕ್ಲಿನಿಕ್‌ಗೆ ಹೋಗುವಾಗ ಬಳಸುವುದು, 60 ವರ್ಷ ದಾಟಿದವರಿಗೆಲ್ಲ ಸಿಗುವ ಶೇ. 25ರ ರಿಯಾಯಿತಿಯನ್ನು, ಆಧಾರ್ ತೋರಿಸಿದರೆ ಸಾಕು, ಬೇರೆ ಕಾಗದದ ಉಪದ್ರವಿಲ್ಲ. ಪತ್ನಿಗೆ 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯ ಶೂನ್ಯ ಟಿಕೆಟ್. ಮಂಗಳೂರಿನಲ್ಲಿ ಪದವಿ ಓದುವ ಮೊಮ್ಮಗನಿಗೆ ವಿದ್ಯಾರ್ಥಿ ಪಾಸ್.

ಹಣದ ಲೆಕ್ಕದಲ್ಲಿ ವಿದ್ಯಾರ್ಥಿ ಪಾಸಿಗೆ ಸಾಟಿಯಿಲ್ಲ. ಸೇವಾ ಸಿಂಧುವಿನಲ್ಲಿ ಅರ್ಜಿ ಹಾಕಿ ಪಡೆಯುವ ಈ ಪಾಸ್ ಹತ್ತು ತಿಂಗಳು ನಡೆಯುತ್ತದೆ. ಅದಕ್ಕೆ ಕಟ್ಟಿದ ಮೊತ್ತದಲ್ಲಿ ದಿನವೂ ಟಿಕೆಟ್ ಕೊಂಡು ಓಡಾಡಿದರೆ ಒಂದು ತಿಂಗಳೂ ಕಳೆಯದು.

ತೊಡಕಿರುವುದು ಪಾಸಿನಲ್ಲಲ್ಲ, ಬಸ್ಸಿನಲ್ಲಿ. 1914ರಲ್ಲೇ ಖಾಸಗಿ ಬಸ್ ಕಂಪನಿ ಕಂಡ ಊರು ಮಂಗಳೂರು. ಉಡುಪಿ–ಮಂಗಳೂರು ಹೆದ್ದಾರಿಯಲ್ಲಿ ಇಂದಿಗೂ ಖಾಸಗಿಯವರದ್ದೇ ಕಾರುಬಾರು. ಬೆಳಿಗ್ಗೆ ಕಾಪುವಿನಲ್ಲಿ ನಿಂತರೆ ಎಕ್ಸ್‌ಪ್ರೆಸ್‌ಗಳು ಒಂದರ ಬೆನ್ನಿಗೆ ಒಂದು ಬಂದು, ಬಾಗಿಲಲ್ಲಿ ನೇತಾಡುವ ಕಂಡಕ್ಟರು ‘ಕುಡ್ಲ, ಕುಡ್ಲ’ (ತುಳುವಿನಲ್ಲಿ ಮಂಗಳೂರು) ಎಂದು ಕೂಗಿ, ನಾವು ಕಾಲಿಡುವ ಮೊದಲೇ ‘ರೈಟ್’ ಹೇಳಿರುತ್ತಾರೆ. ಸರ್ಕಾರಿಯ ಕೆಂಪು ಬಸ್ಸಿಗೆ ಮಾತ್ರ ಕಾಯಬೇಕು. ನಡುವೆ ರಾಜಹಂಸ, ಐರಾವತಗಳೂ ಹಾದುಹೋಗುತ್ತವೆ. ಅವುಗಳಲ್ಲಿ ಶೂನ್ಯ ಟಿಕೆಟ್ಟೂ ನಡೆಯದು, ವಿದ್ಯಾರ್ಥಿ ಪಾಸೂ ನಡೆಯದು. ಮೊದಲ ತರಗತಿಗೆ ತಡವಾಗುತ್ತದೆಂದು ಮೊಮ್ಮಗ ವಾರದಲ್ಲಿ ಒಂದೆರಡು ದಿನವಾದರೂ ಪಾಸನ್ನು ಜೇಬಿನಲ್ಲಿಟ್ಟುಕೊಂಡೇ ಖಾಸಗಿ ಬಸ್ಸಿಗೆ ದುಡ್ಡು ಕೊಡುತ್ತಾನೆ. ಪತ್ನಿಗೆ ಸಮಯದ ಒತ್ತಡವಿಲ್ಲ; ಸಾಯಿಬ್ಬರಕಟ್ಟೆಯ ಸಂಬಂಧಿಕರ ಮನೆಗಾದರೂ ಕೆಂಪು ಬಸ್ಸೇ ಬರಲಿ ಎಂದು ಹಟ ಹಿಡಿದು ಕೂರುತ್ತಾಳೆ.

ಬಿಜೈ ನಿಲ್ದಾಣದಲ್ಲಿ ಇಳಿದ ಮೇಲೂ ಲೆಕ್ಕ ಮುಗಿಯುವುದಿಲ್ಲ. ಅಲ್ಲಿಂದ ಹಂಪನಕಟ್ಟೆಗೆ ಸಿಗುವ ಸಿಟಿ ಬಸ್ಸುಗಳು ಬಹುಪಾಲು ಖಾಸಗಿಯವು, ಅವುಗಳಿಗೆ ಬೇರೆಯೇ ಟಿಕೆಟ್. ನನ್ನ ಕಾಲು ಭಾಗದ ಉಳಿತಾಯದಲ್ಲಿ ಒಂದಂಶ ಹೀಗೆಯೇ ಕರಗುತ್ತದೆ. ಆದರೂ ದೂರದ ಪ್ರಯಾಣಕ್ಕೆ, ಮುಖ್ಯವಾಗಿ ಬೆಂಗಳೂರಿಗೆ ಹೋಗುವಾಗ, ಇದೇ ರಿಯಾಯಿತಿ ಗಣನೀಯವೆನಿಸುತ್ತದೆ.

ಪುತ್ತೂರು, ಸುಳ್ಯ, ಧರ್ಮಸ್ಥಳದ ಕಡೆಯವರಾದರೆ ಸರ್ಕಾರಿ ಬಸ್ಸು ಸಾಕಷ್ಟಿರುವುದರಿಂದ ಕಣ್ಣು ಮುಚ್ಚಿ ಪಾಸ್ ಮಾಡಿಸಬಹುದು. ಹೆದ್ದಾರಿ ಬದಿಯ ನಮ್ಮಂಥವರು ಅರ್ಜಿ ಹಾಕುವ ಮೊದಲು, ಕಾಲೇಜಿನ ಹೊತ್ತಿಗೆ ತಮ್ಮ ಸ್ಟಾಪಿನಲ್ಲಿ ಕೆಂಪು ಬಸ್ಸು ಎಷ್ಟು ಗಂಟೆಗೆ ನಿಲ್ಲುತ್ತದೆಂದು ಒಂದು ವಾರ ನೋಡಿಕೊಳ್ಳುವುದು ಒಳ್ಳೆಯದು.